ಮಗು ನೋಡಿಕೊಳ್ಳುವ ಆಪಾಗೂ ಒಂದು ಲೆಕ್ಕದ ಪುಸ್ತಕ ಬೇಕು

ನಂದಿ ಬೆಟ್ಟದ ಆಸುಪಾಸಿನ ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆ ನೂಲು ಬಿಚ್ಚುವ ಘಟಕಗಳಲ್ಲಿ ದುಡಿಯುವ ಮುಸ್ಲಿಂ ಹೆಣ್ಣುಮಕ್ಕಳು ಸಾಕಷ್ಟಿದ್ದಾರೆ. ಕೆಲಸಕ್ಕೆ ಹೋಗುವ ತಾಯಿ ಮಗುವನ್ನು ಎಲ್ಲಿ ಬಿಡಬೇಕು? ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ 50 ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡುವ ಸಂಸ್ಥೆ ಶಿಶುಪಾಲನಾ ಸೌಲಭ್ಯ ಕೊಡಬೇಕೆಂದು ವಿಧಿಸಿತು. ಸಣ್ಣ ಘಟಕಗಳು ಈ ಲೆಕ್ಕಕ್ಕೆ ಸಿಗುವುದಿಲ್ಲ. ರಾಜ್ಯ ಸರ್ಕಾರ 2023-24ರ ಬಜೆಟ್‌ನಲ್ಲಿ ಘೋಷಿಸಿದ ‘ಕೂಸಿನ ಮನೆ’ 4,000 ಗ್ರಾಮ ಪಂಚಾಯತ್‌ಗಳಿಗಾಗಿ ಬಂದದ್ದು. ನಗರಸಭೆ ವ್ಯಾಪ್ತಿಯ ಮೊಹಲ್ಲಾಗಳು ಅದರ ಹೊರಗೆ. ಕೊನೆಗೆ ಆಸರೆ ಅಂದರೆ ಪಕ್ಕದ ಮನೆಯ ಆಪಾ.

ಆಪಾಗೆ ಸಿಗುವ ದುಡ್ಡು ಮಾತ್ರ ಸಮಯಕ್ಕೆ ಬರುವುದಿಲ್ಲ. ಗೂಡಿನ ದರ ಏರಿ ನೂಲಿನ ದರ ಇಳಿದರೆ ಪೆಟ್ಟು ಮೊದಲು ರೀಲರ್‌ಗೆ. ಅವರು ಕೆಲಸ ನಿಲ್ಲಿಸಿದರೆ ತಾಯಿಯ ಕೂಲಿ ನಿಲ್ಲುತ್ತದೆ. ‘ಮುಂದಿನ ವಾರ ಕೊಡ್ತೀನಿ ಆಪಾ’ ಎಂಬ ಮಾತಿನೊಂದಿಗೆ ಆ ಪೆಟ್ಟು ಅತ್ಯಂತ ಬಡವಳ ಹೊಸ್ತಿಲಿಗೆ ಬಂದು ನಿಲ್ಲುತ್ತದೆ. ಆಕೆ ಅಷ್ಟರಲ್ಲಿ ಹಾಲಿಗೆ, ಬಿಸ್ಕತ್ತಿಗೆ ಕೈಯಿಂದ ಖರ್ಚು ಮಾಡಿ ಆಗಿರುತ್ತದೆ. ಕೇಳಲು ಸಂಕೋಚ, ಕೇಳದಿದ್ದರೆ ನಷ್ಟ.

ಇದು ದೂರದ ಊರಿನ ಸಂಗತಿ ಅಂತ ನಾವು ಪುಟ ಮಗುಚುವ ಹಾಗಿಲ್ಲ. ಮಂಗಳೂರಿನಲ್ಲೂ ಬೆಂಗಳೂರಿನಲ್ಲೂ ಕೆಲಸಕ್ಕೆ ಹೋಗುವ ಬ್ಯಾರಿ ತಾಯಂದಿರು ಮಗುವನ್ನು ನೆರೆಮನೆಯಲ್ಲಿ ಬಿಡುತ್ತಾರೆ. ‘ನಮ್ಮವರೇ ಅಲ್ವಾ’ ಎಂಬ ಸಲುಗೆಯಲ್ಲಿ ಕೂಲಿ ಉಪಕಾರವಾಗಿ ಬದಲಾಗುತ್ತದೆ.

ನಮ್ಮ ದೀನ್ ಇದನ್ನು ಉಪಕಾರ ಎನ್ನುವುದಿಲ್ಲ. ವಿಚ್ಛೇದಿತೆ ತನ್ನದೇ ಮಗುವಿಗೆ ಹಾಲೂಡಿಸಿದರೂ ಆಕೆಗೆ ಪ್ರತಿಫಲ ಕೊಡಬೇಕೆಂದು ಸೂರಾ ಅತ್ತಲಾಕ್‌ನ 6ನೇ ಆಯತ್ ವಿಧಿಸುತ್ತದೆ. ಸಾಲದ ವ್ಯವಹಾರವನ್ನು ಅವಧಿ ಸಹಿತ ಬರೆದಿಡಿ ಎಂದು ಹೇಳುವ ಅಲ್ ಬಕರದ 282ನೇ ಆಯತ್ ಇಡೀ ಕುರ್‌ಆನ್‌ನಲ್ಲೇ ಅತಿ ಉದ್ದದ್ದು. ಬರೆದಿಡುವುದು ಅಪನಂಬಿಕೆಯ ಲಕ್ಷಣ ಅನ್ನುವವರು ಇದನ್ನು ನೆನಪಿಡಬೇಕು. ಕಷ್ಟದಲ್ಲಿರುವ ಸಾಲಗಾರನಿಗೆ ಸಮಯ ಕೊಡಿ ಎಂಬ ಮಾತೂ ಅದೇ ಸೂರಾದ 280ನೇ ಆಯತ್‌ನಲ್ಲಿದೆ. ಆದರೆ ಕೈಯಲ್ಲಿ ದುಡ್ಡಿದ್ದೂ ಸತಾಯಿಸುವುದು ಅನ್ಯಾಯ ಎಂದು ಪ್ರವಾದಿಯವರು (ಸ) ಎಚ್ಚರಿಸಿದ್ದಾರೆ.

ಬೀಡಿ ಕಟ್ಟಿದ ನಮ್ಮ ಉಮ್ಮಂದಿರಿಗೆ ಪುಸ್ತಕದ ಬೆಲೆ ಗೊತ್ತು. ಎಲೆ, ಹೊಗೆಸೊಪ್ಪು ಎಷ್ಟು ತಂದದ್ದು, ಬೀಡಿ ಎಷ್ಟು ಕೊಟ್ಟದ್ದು ಎಲ್ಲ ಅದರಲ್ಲಿರುತ್ತದೆ. 1966ರ ಬೀಡಿ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕಟ್ಟುವವರನ್ನೂ ಕಾರ್ಮಿಕರೆಂದು ಒಪ್ಪಿತು. ಮಗು ನೋಡಿಕೊಳ್ಳುವ ಆಪಾಗೆ ಅಂಥ ಪುಸ್ತಕವಿಲ್ಲ. ಅದನ್ನು ನಾವೇ ಮಾಡಿಕೊಡಬೇಕು.

ಒಂದು ನೋಟ್‌ಬುಕ್ ಸಾಕು. ಮೊದಲ ಪುಟದಲ್ಲಿ ಮಗುವಿನ ಹೆಸರು, ಹೆತ್ತವರ ಫೋನ್ ನಂಬರ್, ಮಗುವನ್ನು ಕರೆದೊಯ್ಯಲು ಯಾರು ಬರಬಹುದು, ಯಾವ ಆಹಾರ, ಔಷಧಿ ಆಗುವುದಿಲ್ಲ ಎಂಬುದಿರಲಿ. ಎಷ್ಟು ಗಂಟೆಗೆ ಎಷ್ಟು ದುಡ್ಡು, ಯಾವ ದಿನ ಕೊಡಬೇಕು, ತಡವಾಗಿ ಬಂದರೆ ಎಷ್ಟು, ಮಗು ರಜೆ ಹಾಕಿದರೆ ಹೇಗೆ ಎಂಬುದನ್ನು ಮೊದಲೇ ಬರೆದು ಇಬ್ಬರೂ ಸಹಿ ಹಾಕಲಿ. ವಾರಕ್ಕೆ ಬಟವಾಡೆ ಸಿಗುವವರಿಂದ ವಾರಕ್ಕೇ ಪಡೆಯುವುದು ಒಳ್ಳೆಯದು. ತಿಂಗಳ ಬಾಕಿ ಒಟ್ಟಾದರೆ ತೀರಿಸುವುದು ಕಷ್ಟ. ದುಡ್ಡು ಫೋನ್‌ಪೇಯಲ್ಲಿ ಬಂದರೂ, ಕೈಗೆ ಬಂದರೂ ತಾರೀಕು ಹಾಕಿ ಬರೆಯಬೇಕು. ನಿಜಕ್ಕೂ ಕಷ್ಟದಲ್ಲಿದ್ದವರಿಗೆ ಸಮಯ ಕೊಡೋಣ, ಆ ಹೊಸ ದಿನಾಂಕವೂ ಪುಸ್ತಕಕ್ಕೆ ಬರಲಿ.

ಅಸಂಘಟಿತ ಕಾರ್ಮಿಕರಿಗೆಂದು 2021ರಲ್ಲಿ ಶುರುವಾದ ಇ-ಶ್ರಮ್‌ನಲ್ಲಿ 16ರಿಂದ 59 ವರ್ಷದವರು ಹೆಸರು ಬರೆಸಬಹುದು. ಮನೆಯಲ್ಲೇ ದುಡಿಯುವವರಿಗೂ ಅಲ್ಲಿ ಜಾಗವಿದೆ.

ಜಮಾಅತ್ ಕಮಿಟಿಗಳು ಮದ್ರಸ ಫೀಸಿಗೆ, ಮಸೀದಿ ವಂತಿಗೆಗೆ ರಶೀದಿ ಪುಸ್ತಕ ಅಚ್ಚು ಹಾಕಿಸುತ್ತವೆ. ಮೊಹಲ್ಲಾದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರಿಗೂ ಹತ್ತಿಪ್ಪತ್ತು ಪುಸ್ತಕ ಅಚ್ಚು ಹಾಕಿಸಿ ಕೊಡುವುದು ದೊಡ್ಡ ಖರ್ಚೇನಲ್ಲ.