ಕೊಳವೆ ಎಲ್ಲಿಗೆ ಹೋಯಿತು?

"ನಮ್ಮ ಕೈಲಾದ್ದನ್ನೆಲ್ಲ ಮಾಡಿದೆವಮ್ಮ, ಇನ್ನು ದೇವರಿಚ್ಛೆ." ಆಸ್ಪತ್ರೆಯ ಬಾಗಿಲಲ್ಲಿ ನಿಂತು ಈ ಮಾತು ಕೇಳದ ಮನೆ ನಮ್ಮ ಕಡೆ ಇರಲಾರದು. ನಾನೂ ಕೇಳಿದ್ದೇನೆ. ಕೇಳಿ, ತಲೆ ತಗ್ಗಿಸಿ, ಕೈಮುಗಿದು ಬಂದಿದ್ದೇನೆ. ಹಾಗೆ ಸುಮ್ಮನೆ ಕೈಮುಗಿದು ಬಂದೆನಲ್ಲ ಎಂದು ಈಗ ನಾಚಿಕೆಯಾಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

2019ರ ಜನವರಿಯ ಚಳಿ. ಸಖರಾಯಪಟ್ಟಣದ ನಮ್ಮ ಮನೆಯಲ್ಲಿದ್ದ ಅಕ್ಕನಿಗೆ ಉಬ್ಬಸ ಹೊಸದೇನೂ ಅಲ್ಲ. ಆದರೆ ಆ ರಾತ್ರಿ ಅವಳಿಗೆ ಒಂದು ಮಾತು ಪೂರ್ತಿ ಆಡಲಾಗಲಿಲ್ಲ. 108ಕ್ಕೆ ಫೋನು ಮಾಡಿದೆವು, ಗಾಡಿ ಬಂತು, ಪೇಟೆಯ ಒಂದು ಆಸ್ಪತ್ರೆ ಸೇರಿಸಿದೆವು. ಡ್ಯೂಟಿಯಲ್ಲಿದ್ದ ಡಾಕ್ಟರಿಗೆ ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸು. ಒಬ್ಬನೇ. "ಉಸಿರಿಗೆ ಕೊಳವೆ ಹಾಕಬೇಕು, ಸಹಿ ಮಾಡಿ" ಎಂದ. ಇಂಗ್ಲಿಷಿನ ಕಾಗದ. ಬಿ.ಎ., ಬಿ.ಎಡ್. ಓದಿದ ನಾನೇ ಅದನ್ನು ಓದದೆ ಸಹಿ ಹಾಕಿದೆ.

ಪರದೆಯ ಆಚೆಯಿಂದ "ಹೋಗ್ತಿಲ್ಲ, ಇನ್ನೊಂದ್ಸಲ ನೋಡೋಣ" ಎಂಬ ದನಿ ಕೇಳಿತು. ಮತ್ತೆ ಅದೇ ಮಾತು. ನರ್ಸಮ್ಮ ಅರಿವಳಿಕೆ ಡಾಕ್ಟರಿಗೆ ಫೋನು ಮಾಡಲು ಹೊರಗೆ ಓಡಿ ಬಂದಳು. ಅವರು ಬರಲು ಅರ್ಧ ಗಂಟೆ ಬೇಕಂತೆ. ಅಷ್ಟರಲ್ಲಿ ಒಳಗಿನಿಂದ "ಹೋಯಿತು" ಎಂದರು. ಕಾಲು ಗಂಟೆಯಲ್ಲಿ ಅಕ್ಕನೂ ಹೋದಳು. ಕೊನೆಯ ಸಲ ನೋಡಲು ಬಿಟ್ಟಾಗ ಅವಳ ಹೊಟ್ಟೆ ತಮಟೆಯ ಹಾಗೆ ಬಿಗಿದು ಉಬ್ಬಿತ್ತು. ಕಾಗದದಲ್ಲಿ ಹೃದಯ, ಉಸಿರು ನಿಂತವೆಂದು ಒಂದೇ ಸಾಲು. ಸತ್ತವರಿಗೆಲ್ಲ ನಿಲ್ಲುವುದು ಅವೆರಡೇ ಅಲ್ಲವೆ?

ತಿಥಿ ಕಳೆದ ಮೇಲೆ ಅರಿವಳಿಕೆ ವೈದ್ಯೆಯಾಗಿರುವ ನನ್ನ ಶಿಷ್ಯೆಯೊಬ್ಬಳು ಮಾತನಾಡಿಸಲು ಬಂದಳು. ಎಲ್ಲ ಕೇಳಿ, ಮೆಲ್ಲಗೆ, "ಟೀಚರ್, ಕೊಳವೆ ಎಲ್ಲಿಗೆ ಹೋಯಿತು ಅಂತ ಯಾರು ನೋಡಿದ್ರು? ಮಾನಿಟರಿನಲ್ಲಿ ಉಸಿರಿನ ಅಲೆ ಬರ್ತಿತ್ತಾ?" ಎಂದಳು. ಅಂಥದೊಂದು ಪ್ರಶ್ನೆ ಇದೆಯೆಂದೇ ನನಗೆ ಗೊತ್ತಿರಲಿಲ್ಲ.

ಅವಳು ಬಿಡಿಸಿ ಹೇಳಿದ್ದು ಇಷ್ಟು. ಗಂಟಲಿನ ಕೆಳಗೆ ಶ್ವಾಸನಾಳ, ಅನ್ನನಾಳ ಎರಡೂ ಒತ್ತಟ್ಟಿಗಿವೆ, ಒಂದು ಮುಂದೆ, ಒಂದು ಹಿಂದೆ. ಅವಸರದಲ್ಲಿ, ಕಫ ರಕ್ತಗಳ ನಡುವೆ, ಕೊಳವೆ ಅನ್ನನಾಳಕ್ಕೆ ಜಾರುವುದುಂಟು. ನುರಿತವರ ಕೈಯಲ್ಲೂ ಉಂಟು. ಜಾರುವುದು ಅಪರಾಧವಲ್ಲ, ಜಾರಿದ್ದು ಗೊತ್ತಾಗದೆ ಹೋಗುವುದೇ ಕೊಲ್ಲುವುದು. ನಮ್ಮ ಅಯ್ಯನಕೆರೆ ತುಂಬಿ ಕೋಡಿ ಬಿದ್ದಿರಲಿ, ತೂಬಿನ ನೀರು ಬೇರೆ ಕಾಲುವೆಗೆ ತಿರುಗಿದರೆ ನಮ್ಮ ಗದ್ದೆ ಒಣಗದೆ ಇದ್ದೀತೆ? ಹಾಗೆಯೇ ಸಿಲಿಂಡರು ತುಂಬ ಆಮ್ಲಜನಕವಿದ್ದರೂ ಅದು ಹೊಟ್ಟೆಗೆ ಹೋದರೆ ಮಿದುಳು ಕೆಲವೇ ನಿಮಿಷಗಳಲ್ಲಿ ಸಾಯುತ್ತದೆ.

ಇದನ್ನು ಕಂಡುಹಿಡಿಯಲು ಕ್ಯಾಪ್ನೋಗ್ರಾಫ್ ಎಂಬ ಉಪಕರಣವಿದೆ. ನಾವು ಹೊರಬಿಡುವ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಅದು ಅಳೆಯುತ್ತದೆ. ಕೊಳವೆ ಸರಿಯಾದ ಜಾಗದಲ್ಲಿದ್ದರೆ ಪ್ರತಿ ಉಸಿರಿಗೂ ಪರದೆಯ ಮೇಲೆ ಒಂದು ಅಲೆ ಏಳುತ್ತದೆ. ಹೊಟ್ಟೆಯಲ್ಲಿದ್ದರೆ ಅಲೆ ಹಾಗೆ ನಿಲ್ಲದೆ ಬರುವುದಿಲ್ಲ. ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳುವುದು ಮೋಸ ಮಾಡಬಹುದು. ಅಲೆಯೇ ಇಲ್ಲದಿದ್ದರೆ, ಕೊಳವೆ ಸರಿಯಾಗಿದೆಯೆಂದು ಬೇರೆ ರೀತಿಯಲ್ಲಿ ಖಾತ್ರಿಯಾಗುವ ತನಕ ಅದು ತಪ್ಪು ಜಾಗದಲ್ಲಿದೆ ಎಂದೇ ತಿಳಿಯಬೇಕು.

ಇದೇನು ಗುಟ್ಟಿನ ವಿದ್ಯೆಯೆ? ಬ್ರಿಟನ್ನಿನ ವೈದ್ಯರು ತಮ್ಮ ದೇಶದ ಇಂಥ ಅವಘಡಗಳನ್ನೆಲ್ಲ ಲೆಕ್ಕ ಹಾಕಿ 2011ರಲ್ಲಿ ವರದಿ ಕೊಟ್ಟರು. ತೀವ್ರ ನಿಗಾ ಘಟಕಗಳಲ್ಲಿ ಉಸಿರಿನ ದಾರಿ ಕೆಟ್ಟು ಆದ ಸಾವುಗಳಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚಿನವಕ್ಕೆ ಈ ಉಪಕರಣ ಬಳಸದಿದ್ದದ್ದೂ ಕಾರಣವಾಗಿರಬಹುದು ಎಂದರು. ನಮ್ಮ ದೇಶದವರೇ ಆದ ಅಖಿಲ ಭಾರತ ಡಿಫಿಕಲ್ಟ್ ಏರ್‌ವೇ ಸಂಘದ ವೈದ್ಯರು 2016ರಲ್ಲಿ ಕ್ರಮವನ್ನೇ ಬರೆದಿಟ್ಟರು. ಪ್ರಯತ್ನಗಳಿಗೆ ಮಿತಿಯಿರಲಿ, ನಡುವೆ ಮಾಸ್ಕಿನಿಂದ ಆಮ್ಲಜನಕ ಕೊಡಿ, ಬೇಗ ಸಹಾಯಕ್ಕೆ ಕರೆಯಿರಿ, ಅಲೆ ನೋಡಿ ಖಚಿತ ಮಾಡಿಕೊಳ್ಳಿ ಎಂದು. 29 ದೇಶಗಳ ಸುಮಾರು ಮೂರು ಸಾವಿರ ರೋಗಿಗಳ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ತೀವ್ರ ಕಾಯಿಲೆಯವರಿಗೆ ಕೊಳವೆ ಹಾಕುವಾಗ ನೂರಕ್ಕೆ 45 ಮಂದಿಗೆ ಏನಾದರೊಂದು ದೊಡ್ಡ ತೊಂದರೆಯಾಗಿತ್ತು, ಮೂವರ ಹೃದಯವೇ ನಿಂತಿತ್ತು. ಇಷ್ಟು ಅಪಾಯದ ಕೆಲಸವನ್ನು ನಡುರಾತ್ರಿ ಒಬ್ಬ ಹುಡುಗನ ಕೈಗೆ ಬಿಟ್ಟು ಮಲಗುವ ವ್ಯವಸ್ಥೆಗೆ ಏನೆನ್ನಬೇಕು?

ಕೊರೋನಾ ಕಾಲದಲ್ಲಿ ಎಲ್ಲರ ಬಾಯಲ್ಲೂ ವೆಂಟಿಲೇಟರ್. ಎಷ್ಟು ಬಂದವೆಂದು ಫೋಟೋ ಸಮೇತ ಲೆಕ್ಕ ಕೊಟ್ಟರು. ವೆಂಟಿಲೇಟರ್ ಗಾಳಿ ತಳ್ಳುವ ಯಂತ್ರ. ಅದು ಉಸಿರಿನ ದಾರಿ ಹುಡುಕುವುದಿಲ್ಲ, ದಾರಿ ಹುಡುಕುವುದು ಕಲಿತ ಕೈ. 2021ರ ಮೇ ತಿಂಗಳಲ್ಲಿ ಚಾಮರಾಜನಗರದಲ್ಲಿ ಒಂದು ದಿನದೊಳಗೆ 24 ರೋಗಿಗಳು ಸತ್ತಾಗ ನಾಡೇ ಬೆಚ್ಚಿ, ಆಮ್ಲಜನಕ ಎಲ್ಲಿ ಎಂದು ಕೇಳಿತು. ಕೇಳಲೇಬೇಕಿತ್ತು. ಆದರೆ ಒಬ್ಬೊಬ್ಬರೇ, ಒಂದೊಂದು ಊರಿನಲ್ಲಿ, ಪರದೆಯ ಹಿಂದೆ ಉಸಿರುಗಟ್ಟಿದವರ ಲೆಕ್ಕ ಯಾರಲ್ಲಿದೆ?

ನನ್ನ ಅಕ್ಕನ ಕೊಳವೆ ತಪ್ಪು ಜಾಗಕ್ಕೆ ಹೋಗಿತ್ತೆಂದು ನಾನು ಹೇಳುತ್ತಿಲ್ಲ. ಮಾಸ್ಕಿನ ಗಾಳಿಯಿಂದಲೂ ಹೊಟ್ಟೆ ಉಬ್ಬುತ್ತದಂತೆ. ನನಗೆ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಇಲ್ಲ, ನನ್ನ ಜಗಳ ಇರುವುದೇ ಅಲ್ಲಿ. ಎಷ್ಟು ಸಲ ಪ್ರಯತ್ನಿಸಿದರು, ಯಾರು ಹಾಕಿದರು, ಹೇಗೆ ಖಚಿತ ಮಾಡಿಕೊಂಡರು, ಕಾಗದದಲ್ಲಿ ಒಂದೂ ಇಲ್ಲ. ಕಿರುಪರೀಕ್ಷೆಯ ಐದು ಅಂಕಕ್ಕೂ ನಾನು ರಿಜಿಸ್ಟರಿನಲ್ಲಿ ಲೆಕ್ಕವಿಡಬೇಕು. ಒಂದು ಜೀವಕ್ಕೆ ಅಷ್ಟೂ ಬೇಡವೆ?

ಹಾಗೆಂದು ಡಾಕ್ಟರ ಮೇಲೆ ಕೈ ಮಾಡುವ, ಗಾಜು ಒಡೆಯುವ ಗಂಡಸರ ಪಕ್ಷ ನನ್ನದಲ್ಲ. ಆ ಹುಡುಗನ ಅಂಗಿ ಚಳಿಯಲ್ಲೂ ಬೆವರಿನಿಂದ ತೊಯ್ದಿತ್ತು. ಅವನನ್ನು ಹೊಡೆದರೆ ಮುಂದಿನವನು ಕೊಳವೆ ಹಾಕುವ ಸಾಹಸಕ್ಕೇ ಹೋಗದೆ "ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ" ಎಂದು ಕೈತೊಳೆದುಕೊಳ್ಳುತ್ತಾನೆ.

ಇಂಗ್ಲೆಂಡಿನ ಎಲೇನ್ ಬ್ರೋಮಿಲಿ ಎಂಬಾಕೆ 2005ರಲ್ಲಿ ಸಣ್ಣದೊಂದು ಸೈನಸ್ ಶಸ್ತ್ರಚಿಕಿತ್ಸೆಗೆ ಹೋಗಿ, ಉಸಿರಿನ ದಾರಿ ಸಿಗದೆ ತೀರಿಕೊಂಡಳು. ಕೋಣೆಯಲ್ಲಿ ಹಿರಿಯ ವೈದ್ಯರೇ ಇದ್ದರು, ಕೊಳವೆ ಹಾಕುವ ಯತ್ನದಲ್ಲೇ ಮುಳುಗಿಬಿಟ್ಟಿದ್ದರು. ಗಂಟಲು ಕೊಯ್ದು ದಾರಿ ಮಾಡುವ ಸಲಕರಣೆಯನ್ನು ನರ್ಸೊಬ್ಬಳು ತಂದಿಟ್ಟಿದ್ದಳು. ಯಾರೂ ಗಮನಿಸಲಿಲ್ಲ. ವಿಮಾನ ಚಾಲಕನಾಗಿದ್ದ ಗಂಡ ಮಾರ್ಟಿನ್ ಶಿಕ್ಷೆ ಕೇಳಲಿಲ್ಲ, ಏನಾಯಿತೆಂಬ ತನಿಖೆ ಕೇಳಿದ. ಅದರಿಂದ ಬಂದ ಪಾಠವನ್ನು ಇಂದಿಗೂ ವೈದ್ಯರಿಗೆ ಕಲಿಸುತ್ತಾರೆ. ನರ್ಸಮ್ಮನ ಮಾತಿಗೆ ಬೆಲೆಯಿಲ್ಲದಿರುವುದು ನಮ್ಮ ಊರಿನ ಕಾಯಿಲೆ ಮಾತ್ರ ಅಲ್ಲವೆಂದಾಯಿತು!

ಉಸಿರು ಕಟ್ಟಿದ ಗಳಿಗೆಯಲ್ಲಿ ಡಾಕ್ಟರ ಕೈಹಿಡಿದು ಪ್ರಶ್ನೆ ಕೇಳಿ ಎಂದು ನಾನು ಹೇಳುವುದಿಲ್ಲ. ಅದಕ್ಕೆ ಮೊದಲೇ ಕೇಳಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಆರೋಗ್ಯ ರಕ್ಷಾ ಸಮಿತಿ ಎಂಬುದಿದೆ. ನಮ್ಮಲ್ಲಿ ಸ್ತ್ರೀಶಕ್ತಿ ಸಂಘಗಳಿವೆ. ಸಾಲದ ಕಂತಿಗೆ ಸೇರುವ ನಾವು ಒಂದು ದಿನ ಇದಕ್ಕೂ ಸೇರೋಣ. ನಮ್ಮ ಆಸ್ಪತ್ರೆಯಲ್ಲಿ ಅಲೆ ತೋರಿಸುವ ಉಪಕರಣ ಇದೆಯೆ, ಕೆಲಸ ಮಾಡುತ್ತಿದೆಯೆ? ರಾತ್ರಿ ಕೊಳವೆ ಹಾಕಲು ಕಲಿತವರು ಯಾರು? ಪ್ರತಿ ಪ್ರಯತ್ನವನ್ನೂ ಬರೆದಿಡುತ್ತಾರೆಯೆ? ಖಾಸಗಿಯವರನ್ನೂ ಬಿಡುವುದು ಬೇಡ, ದುಡ್ಡು ಎಣಿಸಿಕೊಳ್ಳುವವರು ಉತ್ತರವನ್ನೂ ಕೊಡಲಿ.

ಒಂದು ಸೀರೆ ಕೊಳ್ಳಲು ಸೆರಗು, ಅಂಚು, ಬಣ್ಣ ಬಿಡುತ್ತದೆಯೆ ಎಂದು ಹತ್ತು ಪ್ರಶ್ನೆ ಕೇಳುವವರು ನಾವು. ನಮ್ಮವರ ಉಸಿರಿಗಾಗಿ ಮೂರು ಪ್ರಶ್ನೆ ಕೇಳಲು ಸಂಕೋಚವೇಕೆ? ದೇವರಿಚ್ಛೆಯ ಮಾತು ಆಮೇಲಿರಲಿ. ಮೊದಲು ಕೊಳವೆ ಎಲ್ಲಿಗೆ ಹೋಯಿತೆಂದು ಹೇಳಿ.