ಹಗಲಲ್ಲಿ ಪರೀಕ್ಷೆ, ರಾತ್ರಿಯಲ್ಲಿ ಓಟ

ಲಾರಿ, ಟ್ಯಾಂಕರ್ ಓಡಿಸುವವರ ಲೈಸನ್ಸ್ ನವೀಕರಣವಾಗಬೇಕಾದರೆ ವೈದ್ಯರ ಸಹಿ ಇರುವ ಒಂದು ಕಾಗದ ಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಅದರ ಹೆಸರು ಫಾರಂ 1ಎ. ಚಾಲಕನನ್ನು ಖುದ್ದಾಗಿ ಪರೀಕ್ಷಿಸಿದ್ದೇನೆ ಎಂದು ವೈದ್ಯರು ಅದರಲ್ಲಿ ದೃಢಪಡಿಸಬೇಕು. ಲಾರಿ ನಿಲ್ಲುವ ಯಾವ ಊರಿನಲ್ಲಾದರೂ ಚಾಲಕರನ್ನು ವಿಚಾರಿಸಿ ನೋಡಿ, ಆ ಪರೀಕ್ಷೆಗೆ ಎಷ್ಟು ಹೊತ್ತು ಹಿಡಿಯಿತು ಎಂದು. ಎಷ್ಟೋ ಮಂದಿ ವೈದ್ಯರನ್ನು ಕಂಡೇ ಇಲ್ಲ. ಫೋಟೊ ಮತ್ತು ಹಣ ಏಜೆಂಟರ ಕೈ ಸೇರುತ್ತದೆ, ಸಹಿ ಬಿದ್ದ ಫಾರಂ ಅವರ ಕೈಯಿಂದಲೇ ವಾಪಸು ಬರುತ್ತದೆ.

ಇದು ಗುಟ್ಟಿನ ಸಂಗತಿಯಲ್ಲ. ದೊಡ್ಡ ಅಪಘಾತವಾದಾಗಲೆಲ್ಲ ಒಂದೇ ಕೂಗು ಏಳುತ್ತದೆ: ಚಾಲಕರನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಿ, ಅನರ್ಹರ ಲೈಸನ್ಸ್ ಕಿತ್ತುಕೊಳ್ಳಿ. ಲಾರಿ ಮಾಲೀಕರು ಮತ್ತು ಚಾಲಕರ ಸಂಘಗಳಿಂದ ಅದಕ್ಕೆ ಪ್ರತಿಯಾಗಿ ಇನ್ನೊಂದು ಮಾತು ಬರುತ್ತದೆ: ಮೊದಲೇ ಚಾಲಕರು ಸಿಗುತ್ತಿಲ್ಲ, ಇನ್ನಷ್ಟು ಕಾಗದ ಕೇಳಬೇಡಿ. ಎರಡು ಮಾತನ್ನೂ ನಾನು ಒಪ್ಪುವುದಿಲ್ಲ. ವೈದ್ಯಕೀಯ ತಪಾಸಣೆ ಚಾಲಕನನ್ನು ಹೊರಗೆ ಹಾಕುವ ಸಾಧನ ಆಗಿರುವವರೆಗೆ ಅದು ಸುಳ್ಳಾಗಿಯೇ ಇರುತ್ತದೆ. ಅದು ಅವನ ಹಕ್ಕಾಗಬೇಕು, ವರ್ಷಕ್ಕೊಮ್ಮೆ ಪುಕ್ಕಟೆಯಾಗಿ, ಚಿಕಿತ್ಸೆ ಮತ್ತು ಕೂಲಿಯ ಭರವಸೆಯೊಂದಿಗೆ ಸಿಗಬೇಕು. ಹಾಗಾದರೆ ಮಾತ್ರ ಅದು ನಿಜವಾದ ತಪಾಸಣೆ.

ಮೊದಲು ಈ ಫಾರಂ ಏನನ್ನು ಕೇಳುತ್ತದೆ ನೋಡೋಣ. ಕಣ್ಣಿನಲ್ಲಿ ದೋಷವಿದೆಯೇ, ತೀವ್ರವಾದ ಬಣ್ಣಗುರುಡು ಇದೆಯೇ, ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟ್ ಓದಬಲ್ಲನೇ, ಇರುಳುಗಣ್ಣು ಇದೆಯೇ, ಕಿವಿ ಕೇಳುತ್ತದೆಯೇ, ಕೈಕಾಲು ನೆಟ್ಟಗಿದೆಯೇ. ವೈದ್ಯರು ವಿಶೇಷ ಗಮನ ಕೊಡಬೇಕಾದುದು ದೂರದೃಷ್ಟಿ, ಶ್ರವಣ, ತೋಳು, ಕಾಲು, ಕೀಲುಗಳಿಗೆ. ಬಿಪಿ ಬರೆಯಲು ಜಾಗವಿಲ್ಲ. ಶುಗರ್ ಬರೆಯಲು ಜಾಗವಿಲ್ಲ. ನಿದ್ದೆಯ ಬಗ್ಗೆ ಒಂದೂ ಪ್ರಶ್ನೆಯಿಲ್ಲ. ಮಲ್ಪೆಯಲ್ಲಿ ಮೀನು ತುಂಬಿಸಿಕೊಂಡು ಸಂಜೆ ಹೊರಟು, ಬೆಳಗಾಗುವುದರೊಳಗೆ ಘಾಟಿ ದಾಟಿ ಬೆಂಗಳೂರಿನ ಮಾರುಕಟ್ಟೆ ಮುಟ್ಟಬೇಕಾದ ಚಾಲಕನ ಕಣ್ಣನ್ನು ನಮ್ಮ ಕಾನೂನು ಹಗಲು ಬೆಳಕಿನಲ್ಲಿ ಅಳೆಯುತ್ತದೆ, ಅವನ ನಿದ್ದೆಯನ್ನು ಅಳೆಯುವುದೇ ಇಲ್ಲ.

ಹೋಗಲಿ, ಅಳೆಯುವುದನ್ನಾದರೂ ಸರಿಯಾಗಿ ಅಳೆಯುತ್ತದೆಯೇ? ದೆಹಲಿಯ ಐಐಟಿ ಮತ್ತು ಫೋರ್‌ಸೈಟ್ ಫೌಂಡೇಶನ್ ಸೇರಿ 50 ಸಾವಿರಕ್ಕೂ ಹೆಚ್ಚು ಲಾರಿ ಚಾಲಕರನ್ನು ಪರೀಕ್ಷಿಸಿದ ವರದಿ 2025ರ ಜನವರಿಯಲ್ಲಿ ಹೊರಬಂತು. ಶೇ 55.1ರಷ್ಟು ಮಂದಿಯ ದೃಷ್ಟಿಯಲ್ಲಿ ದೋಷವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿಯ ಬಿಪಿ ಸರಿಯಾದ ಮಟ್ಟದಲ್ಲಿರಲಿಲ್ಲ. ಇವರ ಕಣ್ಣು ಚೆನ್ನಾಗಿದೆ ಎಂದು ಯಾರೋ ಒಬ್ಬರು ವೈದ್ಯರು ಎಂದೋ ಸಹಿ ಹಾಕಿರಲೇಬೇಕು. ಆ ಸಹಿಗಳ ಬೆಲೆ ಎಷ್ಟೆಂದು ಈ ಒಂದು ಅಂಕಿ ಹೇಳುತ್ತದೆ. ಬೇಸರದ ಸಂಗತಿಯೆಂದರೆ, ಇದರಲ್ಲಿ ಬಹುಪಾಲು ದೋಷ ಒಂದು ಸಾಧಾರಣ ಕನ್ನಡಕದಿಂದ ಸರಿಹೋಗುವಂಥದ್ದು.

ಸರ್ಕಾರ ಈ ನಡುವೆ ಏನು ಮಾಡಿತು? ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಸಾರಿಗೆ ವಾಹನ ಲೈಸನ್ಸಿನ ಅವಧಿಯನ್ನು 3 ವರ್ಷದಿಂದ 5 ವರ್ಷಕ್ಕೆ ಏರಿಸಿತು. ಅಪಾಯಕಾರಿ ಸರಕು ಸಾಗಿಸುವವರಿಗೆ ಇದ್ದ 1 ವರ್ಷದ ಅವಧಿ 3 ವರ್ಷವಾಯಿತು. ಕಚೇರಿಗೆ ಅಲೆದಾಟ ತಪ್ಪಿತು ಎಂದು ಎಲ್ಲರೂ ಸಂತೋಷಪಟ್ಟರು. ಅಲೆದಾಟ ತಪ್ಪಿದ್ದು ಒಳ್ಳೆಯದೇ. ಆದರೆ ವೈದ್ಯರ ಮುಂದೆ ನಿಲ್ಲುವ ಅವಧಿಯೂ ಅದರ ಜೊತೆಗೇ ಉದ್ದವಾಯಿತು, ಅದನ್ನು ಬೇರ್ಪಡಿಸಬೇಕೆಂದು ಯಾರಿಗೂ ತೋಚಲಿಲ್ಲ. ಮಂಗಳೂರಿನಿಂದ ಹೊರಟ ಗ್ಯಾಸ್ ಟ್ಯಾಂಕರುಗಳು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ನಮ್ಮ ಉಡುಪಿ ಜಿಲ್ಲೆಯ ಬ್ರಹ್ಮಾವರ ಪೇಟೆಯ ನಡುವೆಯೇ ಸಾಗುತ್ತವೆ. ಶಾಲೆ ಬಿಟ್ಟ ಮಕ್ಕಳು ದಾಟುವ ರಸ್ತೆ ಅದು. ನಲವತ್ತೈದು ದಾಟಿದ ಮನುಷ್ಯನ ಶುಗರ್ ಮೂರು ವರ್ಷದಲ್ಲಿ ಎಲ್ಲಿಂದ ಎಲ್ಲಿಗೆ ಹೋಗಬಹುದು ಎಂಬುದು ಮನೆಯಲ್ಲಿ ಶುಗರ್ ಇರುವವರಿಗೆಲ್ಲ ಗೊತ್ತು.

ನ್ಯಾಯಾಲಯದ ಕಡೆಯಿಂದಲೂ ಒಂದು ಬಾಗಿಲು ತೆರೆಯಿತು. 2024ರ ನವೆಂಬರ್ 6ರಂದು ರಂಭಾ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಲಘು ವಾಹನದ ಲೈಸನ್ಸ್ ಇದ್ದವರು 7,500 ಕಿಲೊವರೆಗಿನ ಸರಕು ವಾಹನವನ್ನೂ ಓಡಿಸಬಹುದು, ಸಾರಿಗೆ ವಾಹನಕ್ಕೆಂದು ಇರುವ ಹೆಚ್ಚುವರಿ ಅರ್ಹತೆಗಳು ಅದಕ್ಕಿಂತ ಭಾರದ ವಾಹನ ಓಡಿಸುವವರಿಗೆ ಮಾತ್ರ ಎಂದಿತು. ವಿಮಾ ಕಂಪನಿಗಳು ಲೈಸನ್ಸಿನ ನೆಪ ಹೇಳಿ ಪರಿಹಾರ ನಿರಾಕರಿಸುತ್ತಿದ್ದ ಎಷ್ಟೋ ಕುಟುಂಬಗಳಿಗೆ ಈ ತೀರ್ಪಿನಿಂದ ನ್ಯಾಯ ಸಿಗುತ್ತದೆ, ಅದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ನಮ್ಮೂರ ಮೀನಿನ ಟೆಂಪೊ, ಪಿಕಪ್‌ಗಳನ್ನು ಬಾಡಿಗೆಗೆ ಓಡಿಸುವ ಹುಡುಗರು ಈಗ 40 ವರ್ಷವಾಗುವ ತನಕ ತಾವೇ ಬರೆದುಕೊಡುವ ಫಾರಂ 1ರಲ್ಲೇ ಮುಂದುವರಿಯಬಹುದು. ರಾತ್ರಿ ಪಾಳಿಯ ದುಡಿಮೆ ಅವರದೂ ಹೌದು.

ಹೆದ್ದಾರಿಗೆ ಹತ್ತಿರದಲ್ಲೇ, ಬಾರ್ಕೂರು ನಿಲ್ದಾಣದ ಮೂಲಕ ಕೊಂಕಣ ರೈಲು ಹೋಗುತ್ತದೆ. ರೈಲಿನ ಚಾಲಕನಿಗೆ ರೈಲ್ವೆಯ ವೈದ್ಯಕೀಯ ಕೈಪಿಡಿಯ ಪ್ರಕಾರ ಅತಿ ಕಠಿಣ ದರ್ಜೆಯ ಪರೀಕ್ಷೆ: 45 ವರ್ಷದವರೆಗೆ 4 ವರ್ಷಕ್ಕೊಮ್ಮೆ, 55ರವರೆಗೆ 2 ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಪರೀಕ್ಷೆ ರೈಲ್ವೆ ವೈದ್ಯರದು, ಖರ್ಚು ರೈಲ್ವೆಯದು. ಅದರಲ್ಲಿ ಉತ್ತೀರ್ಣನಾಗದಿದ್ದರೆ ಬೇರೆ ಕೆಲಸ ಕೊಡುವ ಪದ್ಧತಿಯೂ ಇದೆ. ಇದೇ ಹಳಿಯ ಮೇಲೆ ಸುರತ್ಕಲ್‌ನಿಂದ ಮಹಾರಾಷ್ಟ್ರದ ಕೋಲಾಡ್‌ಗೆ ತುಂಬಿದ ಲಾರಿಗಳನ್ನೇ ವ್ಯಾಗನ್ನಿನ ಮೇಲೆ ಹೇರಿ ಒಯ್ಯುವ ರೋರೊ ಸೇವೆ ಇದೆ. ಲಾರಿ ರೈಲಿನ ಮೇಲಿರುವಷ್ಟು ಹೊತ್ತು ಅದನ್ನು ಸಾಗಿಸುವವನ ಹೃದಯ, ಕಣ್ಣು, ರಕ್ತ ಎಲ್ಲವೂ ದೇಶದ ಕಾಳಜಿ. ಅದೇ ಲಾರಿ ರಸ್ತೆಗಿಳಿದ ಕ್ಷಣದಿಂದ ಅದು ಚಾಲಕನ ಖಾಸಗಿ ವಿಷಯ. ಎದುರಿಗೆ ಬರುವವರಿಗೆ ಈ ವ್ಯತ್ಯಾಸದಿಂದ ಏನು ಪ್ರಯೋಜನ?

ಚಾಲಕ ತನ್ನ ಕಾಯಿಲೆಯನ್ನು ಏಕೆ ಮುಚ್ಚಿಡುತ್ತಾನೆ ಎಂದು ಕೇಳುವವರು ಅವನ ಜಾಗದಲ್ಲಿ ನಿಂತು ಯೋಚಿಸಬೇಕು. “ಶುಗರ್ ಇತ್ತಂದ್ ಹೇಳ್ರೆ ಗಾಡಿ ಯಾರ್ ಕೊಡ್ತ್ರ್?” ಎಂಬ ಮಾತಿಗೆ ನಮ್ಮಲ್ಲಿ ಉತ್ತರವಿಲ್ಲ. ಟ್ರಿಪ್ ಇದ್ದರೆ ಸಂಬಳ, ಬಾಟಾ. ಇಲ್ಲದಿದ್ದರೆ ಏನೂ ಇಲ್ಲ. ಮೂರು ದಿನ ಆಸ್ಪತ್ರೆಗೆ ಓಡಾಡಿದರೆ ಸ್ಟಿಯರಿಂಗ್ ಹಿಂದೆ ಬೇರೊಬ್ಬ ಕೂತಿರುತ್ತಾನೆ. ಮಾತ್ರೆ ನುಂಗಿದರೆ ಮತ್ತೆ ಮತ್ತೆ ಮೂತ್ರಕ್ಕೆ ನಿಲ್ಲಿಸಬೇಕಾಗುತ್ತದೆಂದು ಟ್ರಿಪ್ಪಿನ ದಿನ ಬಿಪಿ ಮಾತ್ರೆಯನ್ನೇ ಬಿಡುವವರಿದ್ದಾರೆ. ಮೋಟಾರು ವಾಹನ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಕಾಯಿಲೆಯ ಕಾರಣಕ್ಕೆ ಲೈಸನ್ಸನ್ನು ಯಾವಾಗ ಬೇಕಾದರೂ ರದ್ದು ಮಾಡಬಹುದು. ಅಂಥ ಕಾನೂನಿನ ಕೆಳಗೆ, ಅಂಥ ಕೂಲಿಯ ಮೇಲೆ, ನಿಜ ಹೇಳುವ ಚಾಲಕ ತನ್ನ ಮನೆಯವರ ಅನ್ನವನ್ನೇ ಪಣಕ್ಕಿಡಬೇಕು. ಅಪಘಾತದಲ್ಲಿ ಸಾವಿಗೆ ಕಾರಣವಾಗಿ ತಿಳಿಸದೆ ಓಡಿಹೋದವರಿಗೆ 10 ವರ್ಷದವರೆಗೆ ಜೈಲು ಎನ್ನುವ ಭಾರತೀಯ ನ್ಯಾಯ ಸಂಹಿತೆಯ 106(2)ನೇ ಸೆಕ್ಷನ್ ವಿರುದ್ಧ 2024ರ ಜನವರಿಯಲ್ಲಿ ದೇಶದುದ್ದಕ್ಕೂ ಚಾಲಕರು ಲಾರಿ ನಿಲ್ಲಿಸಿದ್ದು ನೆನಪಿರಬಹುದು. ಕೇಂದ್ರ ಆ ಸೆಕ್ಷನ್ನನ್ನು ತಡೆಹಿಡಿಯಿತು. ಆಗ ಟಿ.ವಿ.ಗಳಲ್ಲಿ ಶಿಕ್ಷೆಯ ಅವಧಿಯ ಬಗ್ಗೆ ಬೇಕಾದಷ್ಟು ಚರ್ಚೆಯಾಯಿತು. ಅವರ ದೇಹಸ್ಥಿತಿಯ ಬಗ್ಗೆ ಮಾತೆತ್ತಿದವರು ವಿರಳ.

ದುಡಿಮೆಯ ಗಂಟೆಗೂ ಕಾನೂನಿದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದಿತ್ತು. ಆದರೆ ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗೆ ಮಾತ್ರ ಅದು ಅನ್ವಯಿಸುತ್ತಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ 40 ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ತಪಾಸಣೆಯ ಭರವಸೆಯಿದೆ, ಅದನ್ನು ಓದಿ ನನಗೂ ಸಂತೋಷವಾಯಿತು. ಮುಂದೆ ಓದಿದರೆ ಸುರಕ್ಷತಾ ಸಂಹಿತೆಯಲ್ಲಿ ಸಾರಿಗೆ ಸಂಸ್ಥೆಗೆ ಇಟ್ಟಿರುವ ಮಿತಿ ಹತ್ತು ಕಾರ್ಮಿಕರು. ನಮ್ಮ ಕಡೆ ಕೆಂಪುಕಲ್ಲು, ಜಲ್ಲಿ, ಮರಳು, ಮೀನು ಸಾಗಿಸುವ ಧಣಿಗಳಲ್ಲಿ ಎಷ್ಟೋ ಮಂದಿಗೆ ಇರುವುದು ಒಂದು ಅಥವಾ ಎರಡು ಗಾಡಿ, ಕೆಲವರು ತಾವೇ ಚಾಲಕರು. ಐದರ ಮಿತಿಯಲ್ಲೇ ಹೊರಗುಳಿದಿದ್ದವರನ್ನು ಹತ್ತರ ಮಿತಿ ಇನ್ನೂ ದೂರ ತಳ್ಳಿತು.

ಸರ್ಕಾರಿ ಬಸ್ಸಿನವರ ಸ್ಥಿತಿ ಬೇರೆ. ಬೆಂಗಳೂರಿನಲ್ಲಿ 2024ರ ನವೆಂಬರಿನಲ್ಲಿ, ರಂಭಾ ದೇವಿ ತೀರ್ಪು ಬಂದ ದಿನವೇ, ನೆಲಮಂಗಲ ಕಡೆಯ ಬಿಎಂಟಿಸಿ ಬಸ್ಸಿನ ಚಾಲಕರೊಬ್ಬರು ಓಡಿಸುತ್ತಿರುವಾಗಲೇ ಹೃದಯಾಘಾತದಿಂದ ಕುಸಿದು ತೀರಿಕೊಂಡರು. ವಯಸ್ಸು 40. ನಿರ್ವಾಹಕರು ಹಾರಿ ಬಂದು ಬ್ರೇಕ್ ಒತ್ತಿದ್ದರಿಂದ ಪ್ರಯಾಣಿಕರು ಉಳಿದರು. ಬಿಎಂಟಿಸಿ ಜಯದೇವ ಸಂಸ್ಥೆಯಲ್ಲಿ 45 ದಾಟಿದ ನೌಕರರ ಹೃದಯ ತಪಾಸಣೆಗೆ ಒಪ್ಪಂದ ಮಾಡಿಕೊಂಡಿದೆ, ಕೆಎಸ್‌ಆರ್‌ಟಿಸಿ 2025ರ ಜನವರಿಯಿಂದ ನಗದುರಹಿತ ಚಿಕಿತ್ಸೆಯ ‘ಆರೋಗ್ಯ’ ಯೋಜನೆ ಆರಂಭಿಸಿದೆ. ಒಳ್ಳೆಯ ಕೆಲಸ. ಆದರೆ ಖಾಸಗಿ ಬಸ್ಸುಗಳೇ ಹೆಚ್ಚಿರುವ ಉಡುಪಿ ಜಿಲ್ಲೆಯಲ್ಲಿ ಅದು ತಲುಪುವುದು ಕೆಲವರನ್ನು ಮಾತ್ರ. ಜೊತೆಗೆ ಕ್ಲೀನರ್ ಕೂಡ ಇಲ್ಲದೆ ಒಬ್ಬನೇ ಲಾರಿ ಒಯ್ಯುವವನಿಗೆ ಬ್ರೇಕ್ ಒತ್ತುವವರು ಯಾರು?

ಹಣವೆಲ್ಲಿದೆ ಎಂಬ ಪ್ರಶ್ನೆ ಬರುತ್ತದೆ. ಇದೆ. 2024ರಲ್ಲಿ ರಾಜ್ಯ ಸರ್ಕಾರ ಮೋಟಾರು ಸಾರಿಗೆ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾಯ್ದೆ ತಂದಿತು, ಕಲ್ಯಾಣ ಮಂಡಳಿ ರಚಿಸಿತು. ಅದರ ನಿಧಿಗೆಂದು ಹೊಸ ಬೈಕಿಗೆ 500 ರೂಪಾಯಿ, ಕಾರಿಗೆ 1,000 ರೂಪಾಯಿ ಉಪಕರ ಹಾಕಿತು. ಚಾಲಕ ಸತ್ತ ಮೇಲೆ ಕುಟುಂಬಕ್ಕೆ ಪರಿಹಾರ ಕೊಡುವ ನಿಧಿ ಅವನನ್ನು ಬದುಕಿಸಿಕೊಳ್ಳಲು ಖರ್ಚಾಗಬಾರದೇಕೆ? ವೈದ್ಯರೆಲ್ಲಿ ಎಂದು ಕೇಳುತ್ತಾರೆ. ಬಿಪಿ, ಶುಗರ್ ನೋಡುವ ಸೌಲಭ್ಯ ಇಂದು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಇದೆ. ‘ಗೃಹ ಆರೋಗ್ಯ’ ಯೋಜನೆಯಲ್ಲಿ 30 ದಾಟಿದವರನ್ನು ಮನೆಗೇ ಹೋಗಿ ಪರೀಕ್ಷಿಸುತ್ತಾರೆ. ಆಶಾ ಕಾರ್ಯಕರ್ತೆ ಬಂದಾಗ ಚಾಲಕನ ಹೆಂಡತಿ, ತಾಯಿ ಸಿಗುತ್ತಾರೆ. ಅವನು ಪುಣೆಯಲ್ಲೋ ಕೊಚ್ಚಿಯಲ್ಲೋ ಇರುತ್ತಾನೆ. ಅವನು ಸಿಗುವ ಜಾಗ ಸಾಸ್ತಾನದ ಟೋಲ್, ಮಲ್ಪೆ ಮತ್ತು ಗಂಗೊಳ್ಳಿಯ ಬಂದರು, ಡೀಸೆಲ್ ತುಂಬಿಸುವ ಬಂಕ್. ತಪಾಸಣೆ ಅಲ್ಲಿಗೆ ಹೋಗಬೇಕು, ಅದೂ ರಾತ್ರಿ ಹೊತ್ತಿನಲ್ಲಿ.

ಕಾಯಿಲೆ ಕಂಡರೆ ಕೆಲಸ ಹೋಗಬೇಕೆಂದೇನೂ ಇಲ್ಲ. ಅಮೆರಿಕದಲ್ಲಿ ಲಾರಿ ಚಾಲಕರ ವೈದ್ಯಕೀಯ ಕಾರ್ಡಿನ ಅವಧಿ ಹೆಚ್ಚೆಂದರೆ 2 ವರ್ಷ. ಬಿಪಿ ಸ್ವಲ್ಪ ಏರಿದ್ದರೆ ಕಾರ್ಡ್ ಕಿತ್ತುಕೊಳ್ಳದೆ 1 ವರ್ಷಕ್ಕೆ ಇಳಿಸುತ್ತಾರೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೂ ಚಿಕಿತ್ಸೆ ಕೊಡುವ ವೈದ್ಯರ ಒಪ್ಪಿಗೆಯೊಂದಿಗೆ ಲಾರಿ ಓಡಿಸಲು 2018ರಲ್ಲಿ ದಾರಿ ಮಾಡಿಕೊಟ್ಟರು. 2014ರಿಂದ ಅಲ್ಲಿ ಕಾರ್ಡಿಗೆ ಸಹಿ ಹಾಕಬೇಕಾದವರು ತರಬೇತಿ ಪಡೆದು ನೋಂದಾಯಿಸಿಕೊಂಡ ವೈದ್ಯಕೀಯ ಪರೀಕ್ಷಕರು ಮಾತ್ರ. ನಮ್ಮಲ್ಲೂ ಸಹಿ ಹಾಕಿದ ವೈದ್ಯರು ಆ ಸಹಿಗೆ ಉತ್ತರದಾಯಿಯಾಗಬೇಕು, ಕಾಣದ ರೋಗಿಗೆ ಕಾಗದ ಕೊಟ್ಟವರ ನೋಂದಣಿಯ ಪ್ರಶ್ನೆ ವೈದ್ಯಕೀಯ ಪರಿಷತ್ತಿನ ಮುಂದೆ ಬರಬೇಕು. ಇಷ್ಟು ದಿನ ಶಿಕ್ಷೆಯೆಲ್ಲ ಚಾಲಕನೊಬ್ಬನಿಗೇ ಆಗಿದೆ.

ಕೇಂದ್ರ ಮನಸ್ಸು ಮಾಡಿದರೆ ಫಾರಂ ಬದಲಾಗುತ್ತದೆ ಎಂಬುದಕ್ಕೆ ಪುರಾವೆಯೂ ಇದೆ. 2020ರ ಜೂನ್‌ನಲ್ಲಿ ಇದೇ ಫಾರಂ 1 ಮತ್ತು 1ಎ ತಿದ್ದಿ, ಸೌಮ್ಯ ಮತ್ತು ಮಧ್ಯಮ ಪ್ರಮಾಣದ ಬಣ್ಣಗುರುಡು ಇದ್ದವರಿಗೆ ಲೈಸನ್ಸ್ ಸಿಗುವಂತೆ ಮಾಡಿದರು. ತಜ್ಞರನ್ನು ಕೇಳಿ ಮಾಡಿದ ಮಾನವೀಯ ತಿದ್ದುಪಡಿ ಅದು. ಬಿಪಿ, ಶುಗರ್, ನಿದ್ದೆಯ ಮೂರು ಸಾಲು ಸೇರಿಸಲು ಸಂಸತ್ತೂ ಕೂಡಬೇಕಿಲ್ಲ, ಒಂದು ಅಧಿಸೂಚನೆ ಸಾಕು.

ಅಲ್ಲಿಯವರೆಗೆ ಕಾಯಬೇಕಾಗಿಯೂ ಇಲ್ಲ. ಸಾಸ್ತಾನ ಟೋಲ್‌ನಲ್ಲಿ ಸ್ಥಳೀಯರಿಗೆ ವಿನಾಯಿತಿ ಬೇಕೆಂದು ಕೋಟ, ಸಾಲಿಗ್ರಾಮದ ಜನ ವರ್ಷಗಟ್ಟಲೆ ಹೋರಾಡಿದ್ದಾರೆ. ಬ್ರಹ್ಮಾವರ ಪೇಟೆಯಲ್ಲಿ ಮೇಲ್ಸೇತುವೆ ಬೇಕೆಂದು ಬೀದಿಗಿಳಿದಿದ್ದಾರೆ. ಎರಡೂ ನ್ಯಾಯವಾದ ಬೇಡಿಕೆ. ಅದೇ ಪಟ್ಟಿಗೆ ಇದನ್ನೂ ಸೇರಿಸಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿಯ ಮುಂದೆ ಇಡಬೇಕು: ಬ್ರಹ್ಮಾವರ ಸಮುದಾಯ ಆರೋಗ್ಯ ಕೇಂದ್ರದ ತಂಡ ವಾರಕ್ಕೆರಡು ರಾತ್ರಿ ಸಾಸ್ತಾನ ಟೋಲ್ ಬಳಿ ಕೂರಲಿ, ಕನ್ನಡಕ ಬೇಕಾದವನಿಗೆ ಅಲ್ಲೇ ಕನ್ನಡಕ, ಮಾತ್ರೆ ಬೇಕಾದವನಿಗೆ ಒಂದು ತಿಂಗಳ ಮಾತ್ರೆ ಕೊಡಲಿ, ಯಾರ ಹೆಸರೂ ಆರ್‌ಟಿಒಗೆ ಹೋಗದಿರಲಿ. ಚಿಕಿತ್ಸೆಯ ದಿನಗಳ ಬಾಟಾವನ್ನು ಕಲ್ಯಾಣ ಮಂಡಳಿ ಭರಿಸಲಿ. ಮಳೆಗಾಲದಲ್ಲಿ ಯಾಂತ್ರಿಕ ಮೀನುಗಾರಿಕೆ ನಿಲ್ಲುವ ಜೂನ್, ಜುಲೈ ತಿಂಗಳಲ್ಲಿ ಮೀನು ಲಾರಿಯವರಿಗೆ ಟ್ರಿಪ್ ಕಡಿಮೆ. ಮೊದಲ ಸುತ್ತನ್ನು ಆಗಲೇ ಬಂದರಿನಲ್ಲೂ ಮಾಡಿಬಿಡಬಹುದು.