ಕಿಟ್ಟಿನ ಬೆಲೆ ಗೊತ್ತು, ಗ್ಲೌಸಿನ ಲೆಕ್ಕ?

ಪಿಪಿಇ ಕಿಟ್ ಖರೀದಿಯ ಬಗ್ಗೆ ಶಿವಮೊಗ್ಗದಲ್ಲಿ ಯಾರನ್ನು ಕೇಳಿದರೂ ಒಂದು ಅಭಿಪ್ರಾಯ ಸಿದ್ಧವಿರುತ್ತದೆ. ಕೋವಿಡ್ ಕಾಲದಲ್ಲಿ ಚೀನಾದ ಕಂಪನಿಗಳಿಂದ ದುಬಾರಿ ಬೆಲೆಗೆ 3 ಲಕ್ಷ ಕಿಟ್ ತರಿಸಿದ್ದರಲ್ಲಿ ಅಕ್ರಮವಿದೆ ಎಂದು ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಆಯೋಗ 2024ರಲ್ಲಿ ಹೇಳಿತು. ಆಗ ಮುಖ್ಯಮಂತ್ರಿಯಾಗಿದ್ದವರು ನಮ್ಮ ಜಿಲ್ಲೆಯವರೇ ಆದ ಯಡಿಯೂರಪ್ಪ. ಅವರು ಆರೋಪವನ್ನು ತಳ್ಳಿಹಾಕಿದ್ದಾರೆ. ಚರ್ಚೆ ಪಕ್ಷಗಳ ಜಗಳವಾಗಲು ಅಷ್ಟು ಸಾಕಾಯಿತು. ತಪ್ಪು ಸಾಬೀತಾದರೆ ಶಿಕ್ಷೆಯಾಗಲಿ. ಆದರೆ ಈ ಗದ್ದಲದಲ್ಲಿ ಕಿಟ್ಟಿನ ಬೆಲೆ ಮಾತ್ರ ಉಳಿದು, ಕಿಟ್ ತೊಡಬೇಕಾದವರು ಮರೆತೇಹೋದರು.

ನರ್ಸಿಂಗ್ ಹೋಮಿನಲ್ಲಿ ರೋಗಿಯ ಪಕ್ಕ ರಾತ್ರಿ ಕಳೆದವರಿಗೆ ಗೊತ್ತು: ಒಂದೇ ಜೊತೆ ಗ್ಲೌಸಿನಲ್ಲಿ ಮೂರು ಹಾಸಿಗೆ ಮುಗಿಯುವುದುಂಟು. ಆ ಗ್ಲೌಸು ಆಯಾಳ ಕೈಯನ್ನು ಕಾಯುತ್ತದೆ, ಸೋಂಕನ್ನು ಮಾತ್ರ ಮುಂದಿನ ಹಾಸಿಗೆಗೆ ದಾಟಿಸುತ್ತದೆ. ಅದಕ್ಕಿಂತ ಬರಿಗೈಯನ್ನು ಸೋಪು ಹಾಕಿ ತೊಳೆದುಕೊಳ್ಳುವುದೇ ಮೇಲು. ಇದರಲ್ಲಿ ಆಯಾಳದೇನು ತಪ್ಪು? ಬಾಕ್ಸು ಬೀರುವಿನಲ್ಲಿದೆ, ಬೀಗದ ಕೈ ಮ್ಯಾನೇಜರ್ ಹತ್ತಿರ. ರೋಗಿಯ ಬಿಲ್ಲಿನಲ್ಲಿ ಗ್ಲೌಸಿನ ಸಾಲು ಮಾತ್ರ ತಪ್ಪುವುದಿಲ್ಲ.

ಕಾನೂನಿಗೆ ಕೊರತೆಯಿಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಈ ತ್ಯಾಜ್ಯ ಮುಟ್ಟುವ ಸಿಬ್ಬಂದಿಗೆಲ್ಲ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕು, ಸುರಕ್ಷಾ ಸಾಧನ ಕೊಡಬೇಕು, ವರ್ಷಕ್ಕೊಮ್ಮೆಯಾದರೂ ಆರೋಗ್ಯ ತಪಾಸಣೆ ಮಾಡಿಸಬೇಕು. ಇದೇ ನಿಯಮಗಳು 'ದೊಡ್ಡ ಅಪಘಾತ'ದ ವ್ಯಾಖ್ಯೆಯಿಂದ ಸೂಜಿ ಚುಚ್ಚಿದ ಗಾಯವನ್ನು ಹೊರಗಿಟ್ಟಿವೆ! ತ್ಯಾಜ್ಯದ ಲಾರಿ ಮಗುಚಿದರೆ ದೊಡ್ಡದು. ಕಸದ ಚೀಲ ಕಟ್ಟುವವಳ ಬೆರಳಿಗೆ ಸೂಜಿ ಹೊಕ್ಕರೆ ವಾರ್ಷಿಕ ವರದಿಯಲ್ಲಿ ಒಂದು ಸಾಲು, ಅದೂ ಯಾರಾದರೂ ಬರೆದರೆ.

ಸುರಕ್ಷಾ ಸಾಧನದ ಮಹತ್ವವನ್ನು ಭದ್ರಾವತಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆಗಳ ಊರು ಅದು. ಕುಲುಮೆಯ ಮುಂದೆ ಹೆಲ್ಮೆಟ್, ಬೂಟು, ಕೈಗವಸು ಕೇಳುವುದು ಹಕ್ಕೆಂದು ಅಲ್ಲಿನ ಯೂನಿಯನ್ನುಗಳಿಗೆ ಗೊತ್ತಿತ್ತು. ಅಂಥ ಮನೆಗಳ ಹೆಣ್ಣುಮಕ್ಕಳು ಇಂದು ಬೆಳಗಿನ ಬಸ್ಸು ಹತ್ತಿ ಶಿವಮೊಗ್ಗದ ವಾರ್ಡುಗಳಿಗೆ ಬಂದರೆ ಅವರ ಪರವಾಗಿ ಕೇಳಲು ಯೂನಿಯನ್ನೂ ಇಲ್ಲ, ಎಷ್ಟೋ ಕಡೆ ನೇಮಕಾತಿ ಪತ್ರವೂ ಇಲ್ಲ.

ಹಾಸಿಗೆಗೊಂದು ಜೊತೆ ಗ್ಲೌಸು ಕೊಟ್ಟರೆ ಖರ್ಚು ಹೆಚ್ಚುತ್ತದೆ, ಸಣ್ಣ ನರ್ಸಿಂಗ್ ಹೋಂ ಮುಚ್ಚಬೇಕಾಗುತ್ತದೆ ಎನ್ನುತ್ತಾರೆ ಮಾಲೀಕರು. ರೋಗಿ ಆಗಲೇ ಕೊಟ್ಟ ದುಡ್ಡಿನ ಗ್ಲೌಸನ್ನು ಬಳಸಿದರೆ ಯಾವ ಖರ್ಚು ಹೆಚ್ಚುತ್ತದೆ? ಖಾಸಗಿ ಆಸ್ಪತ್ರೆಗಳ ನೋಂದಣಿ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ನವೀಕರಣಕ್ಕೆ ಬರುವ ಪ್ರತಿ ಅರ್ಜಿಯ ಜೊತೆ ಗ್ಲೌಸು ಕೊಂಡ ಬಿಲ್ಲು, ಆಯಾಗಳ ಲಸಿಕೆ ಪಟ್ಟಿ, ಸೂಜಿಗಾಯದ ರಿಜಿಸ್ಟರ್ ಕೇಳಲಿ. ವರ್ಷವಿಡೀ ಒಂದೂ ಗಾಯವಿಲ್ಲವೆಂದು ಬರೆದ ರಿಜಿಸ್ಟರ್ ಸಿಕ್ಕಿದ ಕಡೆ ಮೊದಲು ತಪಾಸಣೆಗೆ ಹೋಗಲಿ.